ಎಳೆಯ ಮಕ್ಕಳ ಬಿಡುವಿನ ವೇಳೆ

ನಮ್ಮ ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೊಮ್ಮೆ ಶಾಲೆಯಲ್ಲಿ ಕೂಡುವಾಗ ತಪ್ಪದೆ ಕೇಳುವ ಪ್ರಶ್ನೆಯೊಂದುಂಟು. ಒಂದು ಕಾಲದಲ್ಲಿ ಇದೇ ಅಂಗಳದ ಹುಣಿಸೆಯ ಮರದಡಿಯಲ್ಲಿ ಕುಂಟೆಬಿಲ್ಲೆಯಾಡಿದವರೇ ಈಗ ಮಕ್ಕಳ ಕೈಹಿಡಿದು ಬಂದು, “ಟೀಚರ್, ಇವಳನ್ನು ಇನ್ನು ಯಾವ ಕ್ಲಾಸಿಗೆ ಸೇರಿಸೋಣ?” ಎನ್ನುವರು. ಹೋದ ಸಲ ಹೀಗೆ ಕೇಳಿದ ತಾಯಿಯೊಬ್ಬಳ ಮಗಳಿಗೆ ಇನ್ನೂ ಆರು ವರ್ಷ ತುಂಬಿರಲಿಲ್ಲ. ಸೋಮವಾರ ಗುರುವಾರ ಭರತನಾಟ್ಯ, ಮಂಗಳವಾರ ಅಬಾಕಸ್, ಬುಧವಾರ ಶುಕ್ರವಾರ ಸಂಗೀತ, ಶನಿವಾರ ಈಜು ಮತ್ತು ಚಿತ್ರಕಲೆ. ತಾಯಿಯು ಇದನ್ನೆಲ್ಲ ಹೇಳಿ ಮುಗಿಸುವ ತನಕ ಮಗುವು ಸುಮ್ಮನೆ ನಿಂತಿತ್ತು. “ಅಂಗಳಕ್ಕೆ ಹೋಗಿ ಆಡಮ್ಮಾ” ಎಂದೆವು. “ಏನು ಆಡಬೇಕು ಟೀಚರ್?” ಎಂದಿತು. ಆ ಮಾತು ನಮ್ಮ ಮನಸ್ಸಿನಿಂದ ಹೋಗದಿದ್ದುದರಿಂದಲೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಕಲಿಸುವ ತರಗತಿಗಳನ್ನು ದೂರುವುದು ನಮ್ಮ ಉದ್ದೇಶವಲ್ಲ. ದೂರಿದರೆ ನಮ್ಮ ವೃತ್ತಿಯನ್ನೇ ದೂರಿದಂತಾದೀತು. ಈಜನ್ನು ಬಲ್ಲವರ ಕಣ್ಣೆದುರಿನಲ್ಲಿಯೇ ಕಲಿಯತಕ್ಕದ್ದು. ತಾಳಕ್ಕೆ ಹೆಜ್ಜೆಯಿಡುವುದು, ಸರದಿಗಾಗಿ ಕಾಯುವುದು, ಬಾರದುದನ್ನು ಮತ್ತೆ ಮತ್ತೆ ಮಾಡಿ ನೋಡುವುದು, ಇವೆಲ್ಲವೂ ಅಲ್ಲಿ ಚೆನ್ನಾಗಿ ಬರುವುವು. ಆದರೆ ಏನು ಮಾಡಬೇಕು, ಯಾವಾಗ ನಿಲ್ಲಿಸಬೇಕು, ಯಾವುದು ತಪ್ಪು ಎಂಬುದನ್ನು ಅಲ್ಲಿ ಗೊತ್ತುಮಾಡುವವರು ಕಲಿಸುವವರೇ. ತನ್ನಿಷ್ಟದ ಆಟದಲ್ಲಿ ಈ ಮೂರನ್ನೂ ಮಗುವೇ ಗೊತ್ತುಮಾಡಬೇಕು. ಬಿಡುವಿನ ವೇಳೆಯೆಂದರೆ ಬರಿಯ ವಿಶ್ರಾಂತಿಯಲ್ಲವೆಂದು ನಾವು ಹೇಳುವುದು ಇದಕ್ಕಾಗಿಯೇ.

ಮೂವರು ಹುಡುಗಿಯರು ಅಡುಗೆಯಾಟ ಹೂಡುವುದನ್ನು ನೋಡಿರಿ. ಅಮ್ಮನಾಗುವವಳು ಯಾರೆಂಬ ಜಗಳದಲ್ಲಿಯೇ ಅರ್ಧ ವೇಳೆ ಕಳೆದುಹೋಗುವುದು. ನಾವೂ ಮೊದಲು ನಡುವೆ ಹೋಗಿ ತೀರ್ಪು ಹೇಳುತ್ತಿದ್ದೆವು. ಅದು ನಮ್ಮ ತಪ್ಪು. ಆ ಜಗಳವೇ ಪಾಠವಾಗಿತ್ತು. ಒಬ್ಬಳು ಬಿಟ್ಟುಕೊಡುವಳು, ಇನ್ನೊಬ್ಬಳು “ನಾಳೆ ನೀನು” ಎಂದು ಮಾತು ಕೊಡುವಳು. ಪಾಪುವಾದವಳು, ಮಾತನಾಡಲು ಬಾಯಿ ತುರಿಸಿದರೂ, ಬರಿಯ ಅಳುವನ್ನೇ ಅಳಬೇಕು. ಯಾರೂ ಹೇರದ ನಿಯಮಕ್ಕೆ ಮಗುವು ಹೀಗೆ ತಾನಾಗಿ ಕಟ್ಟುಬಿದ್ದು ತನ್ನ ತಕ್ಷಣದ ಆಸೆಯನ್ನು ಹಿಡಿದಿಡುವುದೆಂಬುದನ್ನು ರಷ್ಯದ ಲೆವ್ ವಿಗೋಟ್ಸ್ಕಿಯವರು 1933ರ ಒಂದು ಉಪನ್ಯಾಸದಲ್ಲಿ ವಿವರಿಸಿದ್ದರು. ಅವರಿಗಿಂತ ಬಹಳ ಹಿಂದೆಯೇ, 1837ರಲ್ಲಿ, ಜರ್ಮನಿಯ ಬ್ಲಾಂಕೆನ್‌ಬುರ್ಗಿನಲ್ಲಿ ಫ್ರೀಡ್ರಿಕ್ ಫ್ರೋಬೆಲರು ಎಳೆಯರಿಗಾಗಿ ಆಟದ ಶಾಲೆಯನ್ನು ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂಬ ಹೆಸರಿಟ್ಟರು. ಅದೇ ಹೆಸರಿನ ಹಲಗೆಯನ್ನು ಬಾಗಿಲಿಗೆ ತೂಗಿ ನಾಲ್ಕು ವರ್ಷದ ಕೂಸಿಗೆ ಕಾಪಿ ಬರೆಸುವವರನ್ನು ಕಂಡರೆ ಅವರು ಏನೆನ್ನುತ್ತಿದ್ದರೋ!

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆರೇಳು ವರ್ಷದ 70 ಮಕ್ಕಳ ದಿನಚರಿಯನ್ನು ತಂದೆತಾಯಿಗಳಿಂದ ಪಡೆದು ನೋಡಿದರು. ಹಿರಿಯರು ಕಟ್ಟುಮಾಡದ ವೇಳೆಯು ಹೆಚ್ಚಾಗಿದ್ದ ಮಕ್ಕಳು, ಮುಂದೇನು ಮಾಡಬೇಕೆಂದು ತಾವೇ ನಿಶ್ಚಯಿಸಬೇಕಾದ ಪರೀಕ್ಷೆಯಲ್ಲಿ ಮೇಲಾಗಿ ಕಂಡರು. ಒಂದು ಇನ್ನೊಂದಕ್ಕೆ ಕಾರಣವೆಂದು ಇಷ್ಟರಿಂದಲೇ ಸಿದ್ಧವಾಗದು. ಆದರೂ “ಏನು ಆಡಬೇಕು ಟೀಚರ್?” ಎಂಬ ಪ್ರಶ್ನೆಯನ್ನು ಕೇಳಿದ ನಮಗೆ ಅದು ಆಶ್ಚರ್ಯವನ್ನುಂಟುಮಾಡಲಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆಗಳ ನಿದ್ರೆಯೂ, ಒಟ್ಟು 3 ಗಂಟೆಗಳ ಓಡಾಟವೂ ಬೇಕೆಂದೂ, ಕುಳಿತು ಪರದೆ ನೋಡುವುದು 1 ಗಂಟೆಯನ್ನು ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತಿಳಿಸಿತು. ಮೂರೂವರೆಗೆ ಮನೆಗೆ ಬಂದು ಎಂಟೂವರೆಗೆ ಮಲಗಬೇಕಾದ ಮಗುವಿಗೆ ಉಳಿಯುವುದು 5 ಗಂಟೆ. ಸ್ನಾನ, ಊಟ, ಮನೆಪಾಠಗಳಿಗೆ 2 ಗಂಟೆ. ಕ್ಲಾಸಿಗೂ ಹೋಗಿ ಬರುವ ದಾರಿಗೂ ಇನ್ನೆರಡು. ಮಿಕ್ಕ ಒಂದು ಗಂಟೆಯನ್ನು ಫೋನು ನುಂಗದಿದ್ದರೆ ಪುಣ್ಯ.

ಉದ್ಯೋಗಕ್ಕೆ ಹೋಗುವ ತಾಯಂದಿರಿಗೆ ಸಂಜೆಯ ಕ್ಲಾಸೇ ಮಗುವನ್ನು ನೋಡಿಕೊಳ್ಳುವ ಸ್ಥಳವೆಂಬುದನ್ನೂ, ಮಹಡಿಯ ಮನೆಗಳಿಗೆ ಅಂಗಳವಿಲ್ಲವೆಂಬುದನ್ನೂ ನಾವು ಬಲ್ಲೆವು. ಆದುದರಿಂದ ಎಲ್ಲವನ್ನೂ ಬಿಡಿಸಿರೆಂದು ಹೇಳಲಾರೆವು. ಆರೇಳು ವರ್ಷದ ತನಕ ಒಂದು, ಹೆಚ್ಚೆಂದರೆ ಎರಡು ಕಲಿಕೆಗಳು ಸಾಕೆಂಬುದು ನಮ್ಮ ಅನುಭವದ ಅಭಿಪ್ರಾಯ. ಅವೂ ಮಗುವು ತಾನಾಗಿ ಚೀಲ ಹೆಗಲಿಗೇರಿಸುವಂಥವುಗಳಾಗಿರಲಿ. ದಿನಕ್ಕೊಂದು ಗಂಟೆಯನ್ನಾದರೂ ಯಾರೂ ಮುಟ್ಟದಿರಲಿ. ಮೊದಲ ಮೂರು ನಾಲ್ಕು ದಿನ ಮಗುವು ಬೇಸರವೆಂದು ಸೆರಗು ಹಿಡಿದು ಎಳೆಯುವುದು ನಿಶ್ಚಯ. ಆಗ ಫೋನು ಕೊಡದೆ ತಡೆದುಕೊಳ್ಳುವುದೇ ತಾಯಂದಿರಿಗೆ ಕಷ್ಟದ ಕೆಲಸ. ಬಿಡುವೆಂದರೆ ಕಣ್ಣು ತಪ್ಪಿಸುವುದೆಂದು ಮಾತ್ರ ಯಾರೂ ತಿಳಿಯಬಾರದು. ಬಾವಿ, ತಾರಸಿ, ರಸ್ತೆ ಇವುಗಳ ಕಾವಲು ಹಿರಿಯರದೇ.

ಆ ತಾಯಿಯು ಅಬಾಕಸ್ಸನ್ನೂ ಚಿತ್ರಕಲೆಯನ್ನೂ ಬಿಡಿಸಿದಳು. ಭರತನಾಟ್ಯವನ್ನು ಮಗುವೇ ಬಿಡಲೊಲ್ಲದು. ಮೊನ್ನೆ ಸಿಕ್ಕಿದಾಗ ನಮ್ಮ ಮೇಲೆ ಅವಳದೊಂದು ದೂರಿತ್ತು. ಎರಡು ಕುರ್ಚಿಗಳ ಮೇಲೆ ಅಜ್ಜಿಯ ಹಳೆಯ ಸೀರೆಯನ್ನು ಹೊದಿಸಿ ಮಗಳು ಮನೆ ಕಟ್ಟಿಕೊಂಡಿರುವಳು, ಊಟಕ್ಕೆ ಕರೆದರೂ ಹೊರಗೆ ಬರುವುದಿಲ್ಲ. ಸೀರೆಯನ್ನು ಮಡಿಸಿಡುವವರು ಯಾರೆಂಬುದೇ ಈಗ ಮನೆಯಲ್ಲಿ ದಿನವೂ ಜಗಳವಂತೆ.