ಮಿಸ್ಟರ್ ಬೀನ್ ಕಾರೂ ಗುದ್ದಿತ್ತು ಸ್ವಾಮಿ!

ಬಸ್ ಸ್ಟ್ಯಾಂಡ್ ಮುಂದೆ ಒಂದು ಸ್ಕೂಟರ್ ಹೋಗಿ ಕಾರಿನ ಬಂಪರ್‌ಗೆ ತಾಗಲಿ, ಸಾಕು. ಎರಡೇ ನಿಮಿಷಕ್ಕೆ ಐವತ್ತು ಜನ. ಅಂಗಡಿಯವರು ಗಲ್ಲಾಕ್ಕೆ ಬೀಗ ಜಡಿದು ಓಡಿ ಬರುತ್ತಾರೆ. ಬಸ್ಸಿನಲ್ಲಿ ಕೂತವರು ಕಿಟಕಿಯಿಂದಲೇ ತೀರ್ಪು ಕೊಡುತ್ತಾರೆ: "ದೊಡ್ಡ ಗಾಡಿಯವನದ್ದೇ ತಪ್ಪು!" ಕಾರು ತೀರಾ ದುಬಾರಿಯದ್ದಾದರೆ ಮಾತ್ರ ತೀರ್ಪು ಉಲ್ಟಾ: "ಪಾಪ, ಸ್ಕೂಟರ್‌ನವನು ಮನೆ ಮಾರಬೇಕು ಬಿಡಿ."

ಎರಡೂ ತೀರ್ಪು ಸರಿಯಲ್ಲ. ಯಾಕೆ ಅಂತ ತಿಳಿಯಬೇಕಾದರೆ ಇಂಗ್ಲೆಂಡಿನ ಒಂದು ಗುದ್ದಿನ ಕಥೆ ಕೇಳಿ.

ಟಿವಿಯಲ್ಲಿ ಮಿಸ್ಟರ್ ಬೀನ್ ಆಗಿ ನಗಿಸಿದ ರೋವನ್ ಅಟ್ಕಿನ್ಸನ್ ಗೊತ್ತಲ್ಲ? ಪರದೆ ಮೇಲೆ ಅವರದು ಪುಟ್ಟ ಮಿನಿ ಕಾರು. ಒಂದು ನೀಲಿ ಮೂರು ಚಕ್ರದ ಬಂಡಿಗೆ ಸದಾ ಕಾಟ. ಆದರೆ ನಿಜ ಜೀವನದಲ್ಲಿ ಅವರ ಬಳಿ ಇದ್ದದ್ದು ಮೆಕ್‌ಲಾರೆನ್ ಎಫ್ 1. ರೇಸಿನ ಕಾರುಗಳೂ ಸೇರಿ ಜಗತ್ತಿನಲ್ಲಿ ತಯಾರಾದದ್ದು ಬರೀ 106. 1998ರಲ್ಲಿ ಗಂಟೆಗೆ 386 ಕಿಲೋಮೀಟರ್ ಓಡಿ ದಾಖಲೆ ಮಾಡಿದ ಜಾತಿ. ಎಂಜಿನ್ ಕೋಣೆಯ ಒಳಮೈಗೆ ಶಾಖ ತಡೆಯಲು ಚಿನ್ನದ ತಗಡು! ಡ್ರೈವರ್ ಸೀಟು ಮಾತ್ರ ನಮ್ಮ ಆಟೋದವರದ್ದೇ ಲೆಕ್ಕ: ನಟ್ಟನಡುವೆ. ಪ್ರಯಾಣಿಕರು ಅಕ್ಕಪಕ್ಕ, ಸ್ವಲ್ಪ ಹಿಂದೆ.

ಇಂಥ ಕಾರು 1999ರಲ್ಲಿ ಲ್ಯಾಂಕಾಶೈರ್ ಸೀಮೆಯ ರಸ್ತೆಯಲ್ಲಿ ಏನು ಮಾಡಿತು ಗೊತ್ತೇ? ಮುಂದಿದ್ದ ಒಂದು ಸಾಧಾರಣ ಆಸ್ಟಿನ್ ಮೆಟ್ರೋ ಕಾರಿನ ಬೆನ್ನಿಗೆ ಹೋಗಿ ಗುದ್ದಿತು! ಇಬ್ಬರಿಗೂ ಪೆಟ್ಟಾಗಲಿಲ್ಲ, ಅದೇ ಪುಣ್ಯ. ಆದರೆ ಮೆಕ್‌ಲಾರೆನ್ ಮೈ ಕಾರ್ಬನ್ ಫೈಬರ್‌ನದ್ದು. ಟಿಂಕರಿಂಗ್ ಅಂಗಡಿಯಲ್ಲಿ ಸುತ್ತಿಗೆ ಬಡಿದು ಸರಿ ಮಾಡುವ ತಗಡಲ್ಲ. ಅಂಥ ಕಾರಿಗೆ ಸಣ್ಣ ಗುದ್ದೂ ದೊಡ್ಡ ಖರ್ಚೇ.

ಅಟ್ಕಿನ್ಸನ್ ಅದನ್ನು ರಿಪೇರಿ ಮಾಡಿಸಿ ಮತ್ತೆ ರಸ್ತೆಗಿಳಿಸಿದರು. ಬಟ್ಟೆ ಮುಚ್ಚಿ ಪೂಜೆಗೆ ಇಡಲಿಲ್ಲ. 2011ರಲ್ಲಿ ಜಾರಿ ಮರಕ್ಕೆ ಬಡಿದಾಗ ಮಾತ್ರ ಭುಜದ ಮೂಳೆ ಮುರಿಯಿತು. ರಿಪೇರಿಗೆ ವಿಮೆ ಕಂಪನಿ ತೆತ್ತದ್ದು 9 ಲಕ್ಷದ 10 ಸಾವಿರ ಪೌಂಡ್. ವಿಮೆ ಇರದಿದ್ದರೆ? ನೀವೇ ಊಹಿಸಿ.

ಈಗ ನಮ್ಮ ಸರ್ಕಲ್ಲಿಗೆ ಬನ್ನಿ. ಗಾಡಿ ದೊಡ್ಡದೋ ಚಿಕ್ಕದೋ ಅನ್ನುವುದು ಪ್ರಶ್ನೆಯಲ್ಲ. ಮುಂದಿನ ಗಾಡಿಗೂ ನಿಮ್ಮ ಗಾಡಿಗೂ ಸಾಕಷ್ಟು ಅಂತರ ಇರಬೇಕು ಅಂತ ನಮ್ಮ ವಾಹನ ಚಾಲನೆ ನಿಯಮವೇ ಹೇಳುತ್ತದೆ. ಹಿಂದಿನಿಂದ ಗುದ್ದಿದವರ ಮೇಲೇ ಸಾಮಾನ್ಯವಾಗಿ ಹೊರೆ ಬೀಳುತ್ತದೆ. ಮೆಕ್‌ಲಾರೆನ್ ಆದರೂ ಅಷ್ಟೇ, ಮೊಪೆಡ್ ಆದರೂ ಅಷ್ಟೇ.

ಇನ್ನು ಮನೆ ಮಾರುವ ಮಾತು. ಥರ್ಡ್ ಪಾರ್ಟಿ ವಿಮೆ ಇದ್ದರೆ, ಎದುರಿನವರ ಗಾಡಿಗಾದ ಹಾನಿಗೆ ದ್ವಿಚಕ್ರದ ಪಾಲಿಸಿಯಲ್ಲಿ ರೂಢಿಯ ಮಿತಿ 1 ಲಕ್ಷ ರೂಪಾಯಿ, ಕಾರಿಗೆ ಏಳೂವರೆ ಲಕ್ಷ. ಅದರ ಮೇಲಿನದ್ದು ಜೇಬಿನಿಂದ. ಪ್ರೀಮಿಯಂನಲ್ಲಿ ಐವತ್ತೋ ನೂರೋ ಉಳಿಯುತ್ತದೆ ಅಂತ ಈ ಮಿತಿಯನ್ನು 6 ಸಾವಿರಕ್ಕೆ ಇಳಿಸಿಕೊಂಡವರೂ ಇದ್ದಾರೆ. ನಿಮ್ಮದು ಎಷ್ಟಿದೆ, ಇವತ್ತು ರಾತ್ರಿ ಪಾಲಿಸಿ ತೆಗೆದು ನೋಡಿ. ವಿಮೆಯೇ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2 ಸಾವಿರ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹಾನಿಯ ಲೆಕ್ಕ ಬೇರೆ!

ದುಬಾರಿ ಕಾರಿನವರು ಕೂಗಾಡುವುದಕ್ಕೂ ಒಂದು ಕಾರಣ ಉಂಟು. ತಮ್ಮದೇ ಪಾಲಿಸಿಯಲ್ಲಿ ಕ್ಲೇಮ್ ಹಾಕಿದರೆ, ಕ್ಲೇಮ್ ಇಲ್ಲದ ವರ್ಷಗಳಿಗೆ ಸೇರಿಕೊಂಡು ಬಂದ ರಿಯಾಯಿತಿ ಹೋಗುತ್ತದೆ. ಅದು ಅರ್ಧದಷ್ಟು, ಅಂದರೆ ಶೇಕಡಾ 50ರವರೆಗೂ ಇರುತ್ತದೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಆದ್ದರಿಂದ ಸ್ವಾಮಿ, ಗುದ್ದಾದರೆ ಮೊದಲು ಮನುಷ್ಯರನ್ನು ನೋಡಿ. ಪೆಟ್ಟಾಗಿದ್ದರೆ ಆಸ್ಪತ್ರೆ, ಪೊಲೀಸು. ಆಗಿಲ್ಲದಿದ್ದರೆ ಫೋಟೋ ತೆಗೆದುಕೊಳ್ಳಿ, ನಂಬರ್ ಬರೆದುಕೊಳ್ಳಿ, ವಿಮೆಯವರಿಗೆ ತಿಳಿಸಿ. ಕಾಲರ್ ಹಿಡಿಯುವುದಕ್ಕೆ ಯಾವ ಪಾಲಿಸಿಯೂ ದುಡ್ಡು ಕೊಡುವುದಿಲ್ಲ.

ಅಂದ ಹಾಗೆ, ಎರಡು ಸಲ ಗುದ್ದಿದ ಆ ಕಾರು 2015ರಲ್ಲಿ 80 ಲಕ್ಷ ಪೌಂಡ್‌ಗೆ ಮಾರಾಟವಾಯಿತು. ನಮ್ಮ ಸ್ಕೂಟರಿಗೆ ಆ ಯೋಗ ಇಲ್ಲ. ಅಂತರ ಕಾಯ್ದುಕೊಳ್ಳುವುದೇ ಲಾಭ!