ಮನಸ್ಸಿನ ಓರೆ

ಹೊಲಿಗೆಯ ತಾಸಿನಲ್ಲಿ ನಮ್ಮ ವಿದ್ಯಾರ್ಥಿನಿಯರು ಮೊದಮೊದಲು ಕಲಿಯುವ ಸಂಗತಿಗಳಲ್ಲಿ ಒಂದೆಂದರೆ, ಬಟ್ಟೆಗೆ ಹಾಸು ಹೊಕ್ಕು ಎಂಬ ಎರಡು ಎಳೆಗಳಿರುವವೆಂಬದು. ಎಳೆಯ ನೇರಕ್ಕೆ ಕತ್ತರಿಸಿದ ತುಂಡು ಜಗ್ಗಿದರೂ ಅಷ್ಟಾಗಿ ಹಿಗ್ಗುವದಿಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಿದ ಪಟ್ಟಿಯಾದರೋ ಬೆರಳಲ್ಲಿ ಹಿಡಿದ ಮಾತ್ರಕ್ಕೆ ಒಂದು ಕಡೆಗೆ ಎಳೆಯುವದು. ಮೇಜಿನ ಮೇಲೆ ಹಾಸಿದಾಗ ಎರಡೂ ಒಂದೇ ತೆರನಾಗಿ ಕಾಣುವವು. ಇಂಗ್ಲಿಷಿನವರು ಈ ಓರೆ ಕತ್ತರಿಕೆಗೆ ‘ಬಯಸ್’ ಎನ್ನುವರು. ಮನಶ್ಶಾಸ್ತ್ರಜ್ಞರು ಅದೇ ಶಬ್ದವನ್ನು ಮನುಷ್ಯನ ವಿಚಾರದ ಒಂದು ಗುಣಕ್ಕೆ ಇಟ್ಟಿರುವರು. ನಾವು ಅದನ್ನು ಇಲ್ಲಿ ಮನಸ್ಸಿನ ಓರೆಯೆಂದು ಕರೆಯುವೆವು. ಇದಕ್ಕೂ ದುರುದ್ದೇಶಕ್ಕೂ ಸಂಬಂಧವಿಲ್ಲ, ದಡ್ಡತನಕ್ಕೂ ಇಲ್ಲ. ಮಕ್ಕಳ ಮೇಲೆ ಪ್ರೀತಿಯುಳ್ಳ ತಂದೆ, ಮನೆತನವನ್ನು ಜಾಣ್ಮೆಯಿಂದ ನಡಿಸುವ ತಾಯಿ, ಪದವಿ ಪಡೆದ ಶಿಕ್ಷಕಿ, ಇವರೆಲ್ಲರ ವಿಚಾರವೂ ಕೆಲವು ಪ್ರಸಂಗಗಳಲ್ಲಿ ಒಂದೇ ದಿಕ್ಕಿಗೆ ಎಳೆಯುವದು. ಆದುದರಿಂದಲೇ ಅದನ್ನು ಶಾಸ್ತ್ರವಾಗಿ ಅಭ್ಯಾಸ ಮಾಡಲು ಸಾಧ್ಯವಾಗಿದೆ.

ಈ ಅಭ್ಯಾಸವು ಹೊಸದೆಂದು ಕೆಲವರು ತಿಳಿದಿರುವರು. 1620ರಲ್ಲಿಯೇ ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ ಎಂಬ ತತ್ವಜ್ಞಾನಿಯು ತನ್ನ ‘ನೋವಮ್ ಆರ್ಗಾನಮ್’ ಗ್ರಂಥದಲ್ಲಿ ಇದರ ವಿಷಯವಾಗಿ ಬರೆದನು. ಅವನು ಅಲ್ಲಿ ಒಂದು ಹಳೆಯ ಕಥೆಯನ್ನು ಹೇಳುವನು. ಸಮುದ್ರದ ಬಿರುಗಾಳಿಯಲ್ಲಿ ಹರಕೆ ಹೊತ್ತು ಬದುಕಿ ಬಂದವರ ಚಿತ್ರಗಳನ್ನು ಒಂದು ಗುಡಿಯಲ್ಲಿ ತೂಗುಹಾಕಿದ್ದರಂತೆ. ಅವುಗಳನ್ನು ಒಬ್ಬನಿಗೆ ತೋರಿಸಿ, ದೇವತೆಗಳ ಶಕ್ತಿಯನ್ನು ಈಗಲಾದರೂ ಒಪ್ಪುವೆಯಾ ಎಂದು ಕೇಳಲಾಗಿ ಆತನು, ಹರಕೆ ಹೊತ್ತೂ ಮುಳುಗಿಹೋದವರ ಚಿತ್ರಗಳನ್ನು ಎಲ್ಲಿ ಇಟ್ಟಿದ್ದೀರಿ ಎಂದು ತಿರುಗಿ ಕೇಳಿದನಂತೆ. ಕಥೆಯು ಚಿಕ್ಕದು, ಆದರೆ ನಾವು ಮುಂದೆ ಹೇಳತಕ್ಕ ಮಾತಿನ ಬೀಜವೆಲ್ಲ ಇದರಲ್ಲಿದೆ. ಕಣ್ಣೆದುರಿಗೆ ತೂಗುವ ಚಿತ್ರಗಳನ್ನು ಮನಸ್ಸು ಎಣಿಸುವದು. ಗೋಡೆಯ ಮೇಲೆ ಬಾರದೆ ಹೋದವುಗಳನ್ನು ಅದು ಎಣಿಸುವದಿಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಹಾದಿಯ ಮೇಲೆ ಮಚ್ಛೆ ಎಂಬ ಊರಿದೆ. ಅಲ್ಲಿ ಕಾರಖಾನೆಗಳಿವೆ, 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನ ಸಂಗಮ’ವೂ ಅಲ್ಲಿಯೇ ಇದೆ. ಕರ್ನಾಟಕದ ಸಾವಿರಾರು ಎಂಜಿನಿಯರುಗಳಿಗೆ ಪದವಿಪತ್ರಗಳು ಹೊರಡುವ ಊರು ಅದು. ಆ ಊರಿನಿಂದಲೂ ಅದರ ನೆರೆಹಳ್ಳಿಗಳಿಂದಲೂ ಹುಡುಗಿಯರು ನಿತ್ಯವೂ ಬಸ್ಸು ಹತ್ತಿ ನಗರದ ಶಾಲೆಗಳಿಗೆ ಬರುವರು. ಯಾವುದೋ ಒಂದು ದಿನ, ಯಾವುದೋ ಊರಿನ ಒಬ್ಬ ಹುಡುಗಿಗೆ ದಾರಿಯಲ್ಲಿ ತೊಂದರೆಯಾಯಿತೆಂಬ ಸುದ್ದಿ ಹುಟ್ಟುವದು. ಈಗಿನ ಕಾಲದಲ್ಲಿ ಅದು ಮೊಬೈಲಿನಲ್ಲಿ ಚಿತ್ರಸಮೇತ ಮನೆಮನೆಗೆ ಮುಟ್ಟುವದು. ಆ ವಾರದಲ್ಲಿ ಯಾರಾದರೊಬ್ಬ ತಂದೆಯು ನಮ್ಮ ಕಚೇರಿಗೆ ಬಂದು, “ಅಕ್ಕೋರ, ಕಾಲ ಭಾಳ ಕೆಟ್ಟೈತ್ರಿ, ಆಕಿನ್ನ ಮನ್ಯಾಗ ಇಟ್ಕೋತೀವ್ರಿ, ದಾಖಲೆ ಕೊಡ್ರಿ” ಎನ್ನುವನು. ಆತನ ಕಣ್ಣಲ್ಲಿ ನಿಜವಾದ ಭಯವಿರುವದು. ಆ ಭಯಕ್ಕೆ ನಾವು ನಗತಕ್ಕದ್ದಲ್ಲ. ಆದರೆ ಅದೇ ದಿನ ಅದೇ ಹಾದಿಯಲ್ಲಿ ಬಸ್ಸಿನಿಂದಿಳಿದು, ಎಂಟು ಪಾಠಗಳನ್ನು ಕೇಳಿ, ಸಂಜೆ ಮನೆ ಸೇರಿ, ಎಮ್ಮೆಗೆ ಹುಲ್ಲು ಹಾಕಿ ಬರೆಯಲು ಕುಳಿತ ನೂರಾರು ಹುಡುಗಿಯರು ಸುದ್ದಿಯಾಗಲಿಲ್ಲ. ಸುಖವಾಗಿ ಮನೆ ಮುಟ್ಟಿದವಳ ಚಿತ್ರವನ್ನು ಯಾರೂ ಕಳಿಸುವದಿಲ್ಲವಷ್ಟೆ.

ಯಾವುದು ಬೇಗ ನೆನಪಿಗೆ ಬರುವದೋ ಅದೇ ಹೆಚ್ಚಾಗಿ ನಡೆಯುವದೆಂದು ತಿಳಿಯುವ ಈ ಓರೆಯನ್ನು ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಇಬ್ಬರು ವಿದ್ವಾಂಸರು ಪರೀಕ್ಷೆಗಳಿಂದ ತೋರಿಸಿಕೊಟ್ಟರು. 1974ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅವರ ಲೇಖನವು ಪ್ರಸಿದ್ಧವಾದದ್ದು. ಟ್ವರ್ಸ್ಕಿಯವರು 1996ರಲ್ಲಿ ತೀರಿಕೊಂಡರು. ಕಾಹ್ನೆಮನ್ನರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಮನಶ್ಶಾಸ್ತ್ರದವರಿಗೆ ಅರ್ಥಶಾಸ್ತ್ರದ ಬಹುಮಾನವೇಕೆಂದರೆ, ಕೊಳ್ಳುವದೂ ಮಾರುವದೂ ಉಳಿಸುವದೂ ಕಡೆಗೆ ಮನಸ್ಸಿನ ವ್ಯವಹಾರಗಳೇ ಅಲ್ಲವೆ?

ಆದರೆ ಈ ಓರೆಯಿಂದ ಎಷ್ಟು ದೊಡ್ಡ ಹಾನಿಯಾಗಬಹುದೆಂಬದನ್ನು ತಿಳಿಯಲು ಪ್ರಯೋಗಶಾಲೆಗಿಂತ ನಮ್ಮ ದೇಶದ ಪ್ಲೇಗಿನ ಚರಿತ್ರೆಯನ್ನು ನೋಡುವದು ಮೇಲು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಕೆಲಕಾಲದಲ್ಲಿಯೇ ಬೆಳಗಾವಿ ಧಾರವಾಡಗಳ ಸೀಮೆಯನ್ನೂ ಹೊಕ್ಕಿತು. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕಥೆಗಳನ್ನು ನಮ್ಮ ಮನೆಗಳ ಹಿರಿಯರು ತಮ್ಮ ಹಿರಿಯರಿಂದ ಕೇಳಿ ಹೇಳುತ್ತಿದ್ದರು. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿಯು ಮುಂಬಯಿಯಲ್ಲಿ ಲಸಿಕೆಯೊಂದನ್ನು ಸಿದ್ಧಪಡಿಸಿ 1897ರ ಜನವರಿ 10ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಹಸ್ರಾವಧಿ ಜನರು ಆ ಲಸಿಕೆಯನ್ನು ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾದದ್ದು ಕಂಡುಬಂದಿತು.

ಹೀಗಿರಲು 1902ರ ಅಕ್ಟೋಬರ 30ರಂದು ಪಂಜಾಬದ ಮಲ್ಕೊವಾಲ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಬಾಟಲಿಯಿಂದ ಹಾಕಿಸಿಕೊಂಡ 19 ಜನರು ಧನುರ್ವಾಯುವಿನಿಂದ ಸತ್ತರು. ಆ ಬಾಟಲಿಯ ಬೂಚು ತೆಗೆಯುವ ಚಿಮಟವು ನೆಲಕ್ಕೆ ಬಿದ್ದಿತ್ತೆಂದೂ ಅದನ್ನು ಸರಿಯಾಗಿ ಶುದ್ಧಮಾಡಿರಲಿಲ್ಲವೆಂದೂ ಹೊರಬಿದ್ದಿತು. ಆದರೂ ಅಪವಾದವು ಹಾಫ್‌ಕಿನ್ನನ ಮೇಲೆ ಬಂದು, 1907ರವರೆಗೆ ಅವನು ಅದನ್ನು ಹೊತ್ತನು. ಬಳಿಕ ಅವನು ನಿರ್ದೋಷಿಯೆಂದು ಒಪ್ಪಲಾಯಿತು. 1925ರಲ್ಲಿ ಮುಂಬಯಿಯ ಪ್ರಯೋಗಶಾಲೆಗೆ ಅವನ ಹೆಸರನ್ನೇ ಇಟ್ಟರು. ಅಷ್ಟರಲ್ಲಿ ಪಂಜಾಬದಲ್ಲಿ ಪ್ಲೇಗಿನಿಂದ ಲಕ್ಷಗಟ್ಟಲೆ ಜನರು ಮಡಿದಿದ್ದರು. ಆ 19 ಸಾವುಗಳಿಗೆ ಊರಿತ್ತು, ದಿನಾಂಕವಿತ್ತು, ಕಾರಣನೆಂದು ತೋರಿಸಲು ಒಬ್ಬ ಮನುಷ್ಯನಿದ್ದನು. ಲಸಿಕೆಯಿಂದ ಬದುಕಿದವನಿಗೆ ತಾನು ಬದುಕಿದ್ದು ಅದರಿಂದಲೇ ಎಂಬದು ತಿಳಿಯುವ ಮಾರ್ಗವೇ ಇರಲಿಲ್ಲ. ಪ್ಲೇಗು ತನ್ನ ಬಾಗಿಲಿಗೆ ಬರಲಿಲ್ಲವೆಂದಷ್ಟೇ ಅವನು ಎಣಿಸಿದನು.

ಮಚ್ಛೆಯಿಂದ ನಗರಕ್ಕೆ ಬರುವಾಗ ತಿಲಕವಾಡಿಯಲ್ಲಿ ‘ವ್ಯಾಕ್ಸಿನ್ ಡೆಪೊ’ ಎಂಬ ವಿಶಾಲವಾದ ಮರಗಳ ಬಯಲು ಇದೆ. ಹೆಸರಿನ ಅರ್ಥವನ್ನು ಕೇಳಿದರೆ ನಮ್ಮ ಹುಡುಗಿಯರಲ್ಲಿ ಬಹಳ ಮಂದಿಗೆ ತಿಳಿದಿರುವದಿಲ್ಲ. ಸಿಡುಬಿನ ಲಸಿಕೆಯನ್ನು ಕರುಗಳ ಚರ್ಮದ ಮೇಲೆ ಬೆಳೆಸಿ ತಯಾರಿಸುತ್ತಿದ್ದ ಸಂಸ್ಥೆಯು ಅಲ್ಲಿ ಇತ್ತು. ಭಾರತದಲ್ಲಿ ಕಡೆಯ ಸಿಡುಬು 1975ರ ಮೇ ತಿಂಗಳಲ್ಲಿ ಕಂಡಿತು. 1980ರ ಮೇ 8ರಂದು ಜಗತ್ತೇ ಆ ರೋಗದಿಂದ ಮುಕ್ತವಾಯಿತೆಂದು ಸಾರಲಾಯಿತು. ಅಜ್ಜಿಯ ತೋಳಿನ ಮೇಲಿನ ಗುಂಡನೆಯ ಕಲೆಯನ್ನು ಮೊಮ್ಮಗಳು ಕಾಣುವಳು. ಆಗದೆ ಹೋದ ಸಿಡುಬಿನ ಕಲೆಗಳನ್ನು ಯಾರು ಕಾಣಬೇಕು?

ಇಲ್ಲಿ ಇನ್ನೊಂದು ಓರೆಯು ಸೇರಿಕೊಳ್ಳುವದು. ಅದು ನಮ್ಮ ಮತದಲ್ಲಿ ಎಲ್ಲಕ್ಕಿಂತ ಬಲವಾದದ್ದು. ಕೈಯಾರೆ ಮಾಡಿದ್ದರಿಂದ ಆದ ಕೇಡನ್ನು ಮನುಷ್ಯನು ಪಾಪವೆಂದು ತಿಳಿಯುವನು. ಮಾಡದೆ ಬಿಟ್ಟದ್ದರಿಂದ ಆದ ಕೇಡನ್ನು ಹಣೆಬರಹವೆಂದು ತಿಳಿಯುವನು. ರಿಟೊವ್ ಮತ್ತು ಬ್ಯಾರನ್ ಎಂಬ ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ರೋಗಕ್ಕಿಂತ ಲಸಿಕೆಯಿಂದ ಅಪಾಯವು ಕಡಿಮೆಯೆಂದು ಲೆಕ್ಕವನ್ನು ಮುಂದಿಟ್ಟರೂ ಅನೇಕರು ಮಗುವಿಗೆ ಲಸಿಕೆ ಹಾಕಿಸಲು ಒಪ್ಪಲಿಲ್ಲ. ಅಮೇರಿಕೆಯ ಬೆಂಜಮಿನ್ ಫ್ರಾಂಕ್ಲಿನ್ನನ ನಾಲ್ಕು ವರ್ಷದ ಮಗನು 1736ರಲ್ಲಿ ಸಿಡುಬಿನಿಂದ ತೀರಿಕೊಂಡನು. ಅವನಿಗೆ ಸಿಡುಬು ಚುಚ್ಚಿಸದೆ ಬಿಟ್ಟೆನಲ್ಲಾ ಎಂದು ತಂದೆಯು ದೀರ್ಘಕಾಲ ಪರಿತಪಿಸಿ, ಆತ್ಮಚರಿತ್ರೆಯಲ್ಲಿ ಬೇರೆ ತಂದೆತಾಯಿಗಳಿಗಾಗಿಯೇ ಅದನ್ನು ಬರೆದಿಟ್ಟನು. ಚುಚ್ಚಿಸದೆ ಇರುವದೂ ಒಂದು ನಿರ್ಣಯವೇ ಎಂಬದು ಅವನಿಗೆ ಆ ಬೆಲೆಗೆ ತಿಳಿಯಿತು.

ಮಗಳನ್ನು ಶಾಲೆಯಿಂದ ಬಿಡಿಸುವ ತಂದೆಯು ತಾನು ನಿರ್ಣಯ ಮಾಡಿದೆನೆಂದು ತಿಳಿಯುವದಿಲ್ಲ. ಕಳಿಸುವದು ಆತನಿಗೆ ಕಾರ್ಯ, ಮನೆಯಲ್ಲಿಟ್ಟುಕೊಳ್ಳುವದು ಸುಮ್ಮನಿರುವದು. 2009ರ ಶಿಕ್ಷಣದ ಹಕ್ಕಿನ ಕಾಯದೆಯು 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುವದು. ಅಂದರೆ ಎಂಟನೆಯ ಇಯತ್ತೆ ಮುಗಿದ ಕೂಡಲೆ ಕಾಯದೆಯ ಕೈ ಸಡಿಲಾಗಿ, ಹುಡುಗಿಯ ಭವಿಷ್ಯವು ಮನೆಯವರ ಮನಸ್ಸಿನ ಕೈಗೆ ಬರುವದು. ಓರೆಯು ಎಳೆಯುವದೂ ಸರಿಯಾಗಿ ಅಲ್ಲಿಯೇ. ಕಳಿಸಿ ಏನಾದರೂ ಆದರೆ ಬೀಗರು ನೆಂಟರು ಸೇರಿ ತಂದೆಯನ್ನು ದೂರುವರು. ಕಳಿಸದೆ, ಅವಳು ಹದಿನೆಂಟು ತುಂಬಿದೊಡನೆ ಮದುವೆಯಾಗಿ, ಕೈಯಲ್ಲಿ ವಿದ್ಯೆಯಿಲ್ಲದೆ, ಗಂಡನು ಹಾಸಿಗೆ ಹಿಡಿದ ದಿನ ನಾಲ್ಕು ಮನೆಗಳ ಪಾತ್ರೆ ತಿಕ್ಕುವಂತಾದರೆ ಯಾರೂ ಆ ತಂದೆಯ ಹೆಸರೆತ್ತುವದಿಲ್ಲ. “ಆಕಿ ನಶೀಬ” ಎನ್ನುವರು. ಇದನ್ನು ನಾವು ಸ್ವಲ್ಪ ಕಟುವಾಗಿ ಹೇಳಿದೆವೆಂದು ಪಾಲಕರು ಬೇಸರಪಡಬಾರದು.

ಪೇಟೆಯ ವ್ಯವಹಾರದಲ್ಲಿ ಕಾಣುವ ಓರೆಗಳು ಇಷ್ಟು ಭಾರವಾದವುಗಳಲ್ಲ, ಆದುದರಿಂದ ಬೇಗನೆ ಹೇಳಿ ಮುಗಿಸುವೆವು. ಖಡೇಬಾಜಾರಿನಲ್ಲಿಯೋ ಶಹಾಪುರದಲ್ಲಿಯೋ ಅಂಗಡಿಯವನು ಸೀರೆಗೆ ಮೊದಲು ಎರಡು ಸಾವಿರವೆಂದು ಹೇಳಿದರೆ ನಾವು ಹದಿನಾಲ್ಕು ನೂರಕ್ಕೆ ಕೊಂಡು ಗೆದ್ದು ಬಂದೆವೆನ್ನುವೆವು. ಅವನೇ ಸಾವಿರವೆಂದಿದ್ದರೆ ಎಂಟು ನೂರಕ್ಕೂ ಹಿಂದೆಮುಂದೆ ನೋಡುತ್ತಿದ್ದೆವು. ಮೊದಲು ಕಿವಿಗೆ ಬಿದ್ದ ಅಂಕಿಯು ಗೂಟದಂತೆ. ಮನಸ್ಸು ಅದಕ್ಕೆ ಕಟ್ಟಿದ ಹಗ್ಗದ ಉದ್ದಕ್ಕಷ್ಟೇ ತಿರುಗುವದು. ಕಾಹ್ನೆಮನ್ನರೂ ಟ್ವರ್ಸ್ಕಿಯವರೂ ಅಂಕಿಗಳ ಚಕ್ರವೊಂದನ್ನು ತಿರುಗಿಸಿ, ವಿಶ್ವಸಂಸ್ಥೆಯ ಸದಸ್ಯರಾಷ್ಟ್ರಗಳಲ್ಲಿ ನೂರಕ್ಕೆ ಎಷ್ಟು ಆಫ್ರಿಕೆಯವೆಂದು ಜನರನ್ನು ಕೇಳಿದರು. ಚಕ್ರವು 10ಕ್ಕೆ ನಿಂತಾಗ ಉತ್ತರವು ಸುಮಾರು 25, 65ಕ್ಕೆ ನಿಂತಾಗ ಸುಮಾರು 45 ಬಂದಿತು. ಚಕ್ರಕ್ಕೂ ಆಫ್ರಿಕೆಗೂ ಏನು ಸಂಬಂಧ?

ವಿದ್ಯಾರ್ಥಿನಿಯರಿಗೆ ಹತ್ತಿರವಾದ ಓರೆಯು ಬೇರೆ. ದಸರೆಯ ಸೂಟಿಯಲ್ಲಿ ಗಣಿತವನ್ನೆಲ್ಲ ಮುಗಿಸುವೆನೆಂದು ವೇಳಾಪತ್ರಿಕೆ ಬರೆದು ಗೋಡೆಗೆ ಅಂಟಿಸುವದು. ಸೂಟಿ ಮುಗಿದಾಗ ಮೊದಲನೆಯ ಪ್ರಕರಣವೂ ಮುಗಿದಿರುವದಿಲ್ಲ. ಅವರನ್ನು ಗದರಿಸುವ ಮುನ್ನ ಶಿಕ್ಷಕಿಯರು ಈ ಸಂಗತಿಯನ್ನು ತಿಳಿದಿರುವದು ಒಳ್ಳೆಯದು: ಸ್ವತಃ ಕಾಹ್ನೆಮನ್ನರು ಇಸ್ರೇಲಿನಲ್ಲಿ ಶಾಲೆಗಳಿಗಾಗಿ ಒಂದು ಪಠ್ಯಪುಸ್ತಕವನ್ನು ಬರೆಯುವ ಮಂಡಲಿಯಲ್ಲಿ ಇದ್ದರು. ಎಷ್ಟು ಕಾಲ ಬೇಕೆಂದು ಎಲ್ಲರೂ ಚೀಟಿಯಲ್ಲಿ ಬರೆದಾಗ ಎರಡು ವರ್ಷದ ಆಚೀಚೆ ಬಂದಿತು. ಅವರಲ್ಲೊಬ್ಬ ಅನುಭವಿಯನ್ನು, ಇಂಥದೇ ಬೇರೆ ಮಂಡಲಿಗಳಿಗೆ ಎಷ್ಟು ಕಾಲ ಹಿಡಿಯಿತೆಂದು ಕೇಳಲಾಗಿ, ಏಳು ವರ್ಷಕ್ಕಿಂತ ಕಡಿಮೆಯಲ್ಲಿ ಯಾರೂ ಮುಗಿಸಲಿಲ್ಲವೆಂದನು. ಇದನ್ನು ತಿಳಿದ ಆ ಮನುಷ್ಯನೇ ಚೀಟಿಯಲ್ಲಿ ಎರಡು ವರ್ಷವೆಂದು ಬರೆದಿದ್ದನು! ಪುಸ್ತಕಕ್ಕೆ ಎಂಟು ವರ್ಷ ಹಿಡಿಯಿತು. ಪಠ್ಯಪುಸ್ತಕ ಮಂಡಲಿಗಳ ಅನುಭವವುಳ್ಳವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಹುಡುಗಿಯರಿಗೆ ನಾವು ಹೇಳುವದಿಷ್ಟೇ: ಮುಂದಿನ ಸೂಟಿಯ ಯೋಜನೆ ಬರೆಯುವ ಮೊದಲು ಹೋದ ಸೂಟಿಯಲ್ಲಿ ಎಷ್ಟು ಲೆಕ್ಕ ಮಾಡಿದಿರೆಂದು ವಹಿಯನ್ನು ತೆರೆದು ಎಣಿಸಿರಿ.

ಓರೆಯನ್ನು ಅರಿತ ಮಾತ್ರಕ್ಕೆ ಅದು ನೇರವಾಗುವದಿಲ್ಲ. ಆದರೆ ಬಟ್ಟೆಯ ಓರೆಗೆ ಸೀಮೆಸುಣ್ಣ, ಅಳತೆಯ ಪಟ್ಟಿಗಳಿರುವಂತೆ ಇದಕ್ಕೂ ಕಾಗದ ಪೆನ್ಸಿಲುಗಳು ಒಂದಿಷ್ಟು ಒದಗುವವು. ಮುಖ್ಯವಾದ ನಿರ್ಣಯಗಳಿಗೆ ನಾವು ಹತ್ತನೆಯ ಇಯತ್ತೆಯವರಿಗೆ ಕಲಿಸುವ ರೀತಿ ಹೀಗಿದೆ. ಒಂದು ಹಾಳೆಯಲ್ಲಿ ಎರಡು ಗೆರೆ ಎಳೆದು ನಾಲ್ಕು ಮನೆ ಮಾಡಬೇಕು. ತಮ್ಮ ಓಣಿಯಲ್ಲಿ ಓದಿ ಚೆನ್ನಾಗಿರುವವರು ಒಂದರಲ್ಲಿ. ಓದಿಯೂ ಕಷ್ಟಕ್ಕೆ ಸಿಕ್ಕವರು ಎರಡರಲ್ಲಿ. ಓದದೆಯೂ ಚೆನ್ನಾಗಿರುವವರು ಮೂರರಲ್ಲಿ. ಓದು ಬಿಟ್ಟು ಕಷ್ಟಪಟ್ಟವರು ನಾಲ್ಕರಲ್ಲಿ. ಹೆಸರು ಬರೆಯತಕ್ಕದ್ದಲ್ಲ, ಒಬ್ಬೊಬ್ಬರಿಗೆ ಒಂದೊಂದು ಗೀಟು ಹಾಕಬೇಕು. ಎರಡನೆಯ ಮನೆಯ ಗೀಟುಗಳನ್ನು ಅವರು ಬಂದೊಡನೆ ಹಾಕಿಬಿಡುವರು, ಏಕೆಂದರೆ ಆ ಮಾತುಗಳನ್ನು ಅವರು ಮನೆಯಲ್ಲಿ ನಿತ್ಯ ಕೇಳಿದ್ದಾರೆ. ಒಂದನೆಯ ಮನೆಗೂ ಮೂರನೆಯ ಮನೆಗೂ ಕೊಂಚ ನೆನಪು ಮಾಡಿಕೊಳ್ಳಬೇಕಾಗುವದು. ನಾಲ್ಕನೆಯ ಮನೆಯು ಬಹಳ ಹೊತ್ತು ಬರಿದಾಗಿಯೇ ಇರುವದು. ಹಾಳೆಯನ್ನು ಮನೆಗೆ ಒಯ್ದು ತಾಯಿಯನ್ನೂ ಅಜ್ಜಿಯನ್ನೂ ಕೇಳಿ ಬರ್ರಿ ಎಂದು ಹೇಳಿ ಕಳಿಸುವೆವು. ಸೋಮವಾರ ತಂದಾಗ ಆ ಮನೆಯಲ್ಲಿ ಗೀಟುಗಳಿಗೆ ಸ್ಥಳ ಸಾಲದೆ ಕೆಲವರು ಹಾಳೆಯ ಬೆನ್ನಿಗೂ ಹಾಕಿಕೊಂಡು ಬಂದಿರುವರು.