ಕಚೇರಿಯ ಫೋಟೋ ತೆಗೀತೀರಾ?

ಸಕಲೇಶಪುರ, ಆಲೂರಿನ ಸೋದರಿಯರೇ, ನಮ್ಮ ಹಾಸನ ಜಿಲ್ಲೆಯಲ್ಲೇ ಸಂಗೀತಗಾರರ ಊರೊಂದಿದೆ, ಗೊತ್ತಲ್ವೇ? ಕಾವೇರಿ ದಂಡೆಯ ರುದ್ರಪಟ್ಟಣ! ವಿದ್ವಾನ್ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲೇ. ಅಲ್ಲಿನ ಸಪ್ತಸ್ವರ ದೇವತೆಗಳ ಮಂದಿರ ತಂಬೂರಿಯ ಆಕಾರದಲ್ಲಿದೆ.

ಅಲ್ಲಾಗಲಿ, ನಿಮ್ಮೂರ ರಾಮನವಮಿ ಪೆಂಡಾಲಿನಲ್ಲಾಗಲಿ, ಫೋಟೋ ತೆಗೆಯುವಾಗ ಫ್ಲಾಶ್ ಬೇಡವೇ ಬೇಡ. ಕಣ್ಮುಚ್ಚಿ ಆಲಾಪನೆ ಮಾಡುವವರ ಮುಖಕ್ಕೆ ಬೆಳಕು ರಾಚಿದರೆ ಮನಸ್ಸು ಕದಲುತ್ತೆ. ಮೊಬೈಲಿನ ಸದ್ದನ್ನೂ ಅಡಗಿಸಿ. ಪಕ್ಕದಲ್ಲಿ ಕುಳಿತರೆ ಮೈಕು ಮುಖಕ್ಕೆ ಅಡ್ಡ ಬರೋದಿಲ್ಲ. ಮೃದಂಗದ ಕೈ ಓಡುವಾಗ ಚಿತ್ರ ಮಸುಕಾಗುತ್ತೆ; ತನಿ ಆವರ್ತನ ಮುಗಿದು ಮುಖ ಅರಳುವ ಕ್ಷಣಕ್ಕೆ ಕಾಯಿರಿ.

ಶ್ರೀಕಂಠನ್ 2014ರಲ್ಲಿ ತೀರಿಕೊಂಡರು. ತಾಳ ಹಾಕುತ್ತಿದ್ದ ಆ ಕೈಯನ್ನು ಇನ್ನು ಚಿತ್ರದಲ್ಲೇ ನೋಡಬೇಕು. ಅದಕ್ಕೇ ಹೇಳೋದು, ಎರಡೇ ತೆಗೆದರೂ ಜೋಪಾನ ಮಾಡಿ. ಉಳಿದ ಹೊತ್ತು ಕಿವಿಗೆ ಬಿಡಿ!